ಒಲೆಯ ಮುಂದೆ ನಿಂತ ಕ್ಯಾಮೆರಾ

ಹೋದ ತಿಂಗಳು ನಮ್ಮ ತಾಲ್ಲೂಕು ಕೇಂದ್ರದ ಕಲ್ಯಾಣ ಮಂಟಪವೊಂದರಲ್ಲಿ ಮೊಬೈಲಿನಲ್ಲಿ ವಿಡಿಯೋ ಮಾಡುವವರ ಸಮಾವೇಶ ನಡೆಯಿತು. ಯೂಟ್ಯೂಬಿನವರು, ಇನ್‌ಸ್ಟಾಗ್ರಾಮಿನವರು, ಫೇಸ್‌ಬುಕ್ಕಿನವರು ಎಲ್ಲ ಸೇರಿ ಇನ್ನೂರು ಜನ ಇದ್ದಿರಬಹುದು. ನಮ್ಮ ಕೇರಿಯಿಂದ ಮೂವರು ಹೋಗಿದ್ದೆವು. ಬಸ್ಸಿನ ಖರ್ಚು ನಮ್ಮದು, ಮಧ್ಯಾಹ್ನದ ಪಲಾವು ಅವರದು. ಕವಿಗೋಷ್ಠಿಗಳಲ್ಲಿ ಕೂತು ಕೂತು ಬೆನ್ನು ನೋಯಿಸಿಕೊಂಡ ನಮಗೆ ಇದೊಂದು ಹೊಸ ಸಂತೆ. ಕವಿಗೋಷ್ಠಿಯಲ್ಲಿ ತನ್ನ ಪದ್ಯ ಓದಿ ಮುಗಿಸಿದವನು ಎದ್ದು ಹೋಗುತ್ತಾನೆ. ಇಲ್ಲಿ ಯಾರೂ ಎದ್ದು ಹೋಗಲಿಲ್ಲ. ಎಲ್ಲರೂ ಎಲ್ಲರ ಮುಖಕ್ಕೂ ಮೊಬೈಲು ಹಿಡಿದು ನಿಂತಿದ್ದರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಗೇಲಿ ಮಾಡಬೇಕೆಂದು ನಾವು ಇದನ್ನು ಬರೆಯುತ್ತಿಲ್ಲ. ಅಲ್ಲಿಗೆ ಬಂದವರು ಯಾರು? ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಆಟೋ ಓಡಿಸುವವರು, ರೇಷ್ಮೆ ಹುಳ ಸಾಕುವವರು, ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಬಯ್ಗುಳ ತಿನ್ನುತ್ತಿರುವವರು. ಇವರ ಕೈಗೆ ಇಷ್ಟು ವರ್ಷ ಯಾರೂ ಮೈಕು ಕೊಟ್ಟಿರಲಿಲ್ಲ. ‘ಕೆಲಸವಿಲ್ಲದವರ ಆಟ ಇದು’ ಎಂದು ಮೂಗು ಮುರಿಯುವ ಪಂಡಿತರು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಇದು ಕಾವ್ಯವೋ ಘೋಷಣೆಯೋ ಎಂದು ಕೇಳಿದ್ದೂ ಇದೇ ಮೂಗು. ಜನ ಮಾಡುತ್ತಿರುವುದನ್ನು ಜನರ ಕೃತಿ ಎಂದು ಒಪ್ಪಿಕೊಂಡ ಮೇಲೆ, ಒಂದು ಕಥೆಯನ್ನೋ ಪದ್ಯವನ್ನೋ ಹೇಗೆ ವಿಮರ್ಶೆ ಮಾಡುತ್ತೇವೋ ಹಾಗೆಯೇ ಇದನ್ನೂ ಮಾಡಬೇಕು. ಬೆನ್ನು ತಟ್ಟಿ ಕಳಿಸುವುದೂ ಅವಮಾನವೇ.

ಆ ದಿನ ತರಬೇತಿ ಕೊಡಲು ಬೆಂಗಳೂರಿನಿಂದ ಬಂದಿದ್ದವರೊಬ್ಬರು ಹೇಳಿದ್ದು ಇಷ್ಟು. ಕಥೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಡಿ, ನಿಮ್ಮ ಮನೆಯೇ ಕಥೆ. ಬೆಳಗ್ಗೆ ಎದ್ದದ್ದು, ರಂಗೋಲಿ ಬಿಟ್ಟದ್ದು, ತಿಂಡಿ ಮಾಡಿದ್ದು, ಮಕ್ಕಳಿಗೆ ಡಬ್ಬಿ ಕಟ್ಟಿದ್ದು, ಅತ್ತೆ ಸೊಸೆ ನಕ್ಕಿದ್ದು, ಅದನ್ನೇ ತೋರಿಸಿ. ಜನಕ್ಕೆ ಬೇಕಾಗಿರುವುದು ಸಹಜ ಜೀವನ. ಹೀಗೆ ಹೇಳಿ ಪರದೆಯ ಮೇಲೆ ಐದು ಮನೆಗಳ ವಿಡಿಯೋ ತೋರಿಸಿದರು.

ಐದು ಊರಿನ ಐದು ಮನೆ. ನಮಗೆ ಕಂಡದ್ದು ಮಾತ್ರ ಒಂದೇ ಮನೆ. ಅರಿಶಿನ ಕುಂಕುಮ ಇಟ್ಟ ಹೊಸಿಲು, ದೇವರ ಕೋಣೆ, ಫಿಲ್ಟರ್ ಕಾಫಿ, ಗ್ರಾನೈಟು ಕಟ್ಟೆಯ ಅಡುಗೆಮನೆ. ಯಾವ ಮನೆಯಲ್ಲೂ ಒಂದು ಚೂರು ಮಾಂಸ ಬೇಯಲಿಲ್ಲ. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ 2014ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪ್ರತಿ ಐದು ಜನಕ್ಕೆ ಸುಮಾರು ನಾಲ್ಕು ಜನ ಮಾಂಸ ತಿನ್ನುವವರು. ಆ ನಾಲ್ಕು ಜನರ ಅಡುಗೆಮನೆ ಆ ಪರದೆಯ ಮೇಲೆ ಬರಲೇ ಇಲ್ಲ. ಆ ಮನೆಗಳಿಂದ ಯಾರೂ ಕೂಲಿಗೆ ಹೊರಡಲಿಲ್ಲ. ಯಾರ ತಾಯಿಯೂ ಇನ್ನೊಬ್ಬರ ಮನೆ ಪಾತ್ರೆ ತೊಳೆಯಲು ಹೋಗಲಿಲ್ಲ. ಆ ಮನೆಗಳ ಪಾತ್ರೆ ತೊಳೆಯುವವರು ಯಾರು ಎಂಬುದೂ ಕಾಣಲಿಲ್ಲ.

ಆಗ ನಮ್ಮ ಜೊತೆಯಲ್ಲಿದ್ದ ಹುಡುಗ ಎದ್ದು ನಿಂತ. ‘ಸಾರ್, ನಮ್ಮನೇಲಿ ಭಾನುವಾರ ಬೆಳಗ್ಗೆ ಅವ್ವ ಬೋಟಿ ತೊಳೀತಾಳೆ. ಅದನ್ನ ತೋರಿಸ್ಬೋದಾ?’ ಅಂದ. ಮಂಟಪದಲ್ಲಿ ನಗು ಎದ್ದಿತು. ನಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವತ್ತು ರಾತ್ರಿ ಮನೆಗೆ ಹೋಗಿ ಬೋಟಿ ಸಾರೋ ಕೋಳಿ ಸಾರೋ ಉಣ್ಣುವವರೇ. ತರಬೇತುದಾರರು ನಗಲಿಲ್ಲ, ಒಳ್ಳೆಯವರು. ‘ನಿಮ್ಮಿಷ್ಟ ಬ್ರದರ್. ನೋಡೋರಿಗೆ ಮುಜುಗರ ಆಗದಂಗೆ ನೋಡ್ಕೊಳ್ಳಿ’ ಅಂದರು.

ಈ ‘ಮುಜುಗರ’ ಎಂಬ ಪದವನ್ನು ಹಿಡಿದುಕೊಂಡೇ ನಾವು ಊರಿಗೆ ವಾಪಸು ಬಂದೆವು. ಯಾರ ಮುಜುಗರ? ಬೋಟಿ ತೊಳೆಯುವ ಅವ್ವನಿಗೆ ಮುಜುಗರವಿಲ್ಲ. ಬಿಸಿನೀರು ಸುಣ್ಣ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡುವ ಅವಳ ಕೈಚಳಕ ಯಾವ ಕುಶಲಕರ್ಮಿಗೂ ಕಡಿಮೆಯಲ್ಲ. ಮುಜುಗರ ನೋಡುವವನದು. ಆದರೆ ಅದನ್ನು ಹೊರಬೇಕಾದವರು ನಾವು. ಹಿಂದೆ ಊರೊಳಗೆ ಬಂದರೆ ಚಪ್ಪಲಿ ಕೈಗೆತ್ತಿಕೊಳ್ಳಬೇಕಿತ್ತು. ಈಗ ಪರದೆಯೊಳಗೆ ಬಂದರೆ ಬೋಟಿ ಮುಚ್ಚಿಟ್ಟುಕೊಳ್ಳಬೇಕು. ‘ಸಹಜ ಜೀವನ’ ಎಂದು ಕರೆಸಿಕೊಳ್ಳುತ್ತಿರುವುದು ಒಂದು ಜಾತಿಯ, ಒಂದು ವರ್ಗದ ಜೀವನ. ಅದರ ಜಾತಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಒಲೆ ಕಂಡ ಕೂಡಲೇ ಜಾತಿ ಕಾಣುತ್ತದೆ.

‘ಹೋಮ್ ಟೂರ್’ ಎಂಬುದೊಂದಿದೆ. ಹೊಸ ಬಾಡಿಗೆ ಮನೆಗೆ ಹೋದ ದಂಪತಿಗಳು ಬಾಗಿಲು ತೆಗೆದು ಒಂದೊಂದೇ ಕೋಣೆ ತೋರಿಸುತ್ತಾರೆ. ಅವರ ಟೂರು ಬಾಗಿಲಿನಿಂದ ಶುರುವಾಗುತ್ತದೆ. ನಮ್ಮದು ಬಾಗಿಲಿಗಿಂತ ಮುಂಚೆ ಶುರುವಾಗುತ್ತದೆ. ‘ನೀವು ವೆಜ್ಜಾ?’ ಎಂಬ ಪ್ರಶ್ನೆಯಿಂದ, ‘ಯಾವೂರು, ಯಾರ ಪೈಕಿ?’ ಎಂಬ ಪ್ರಶ್ನೆಯಿಂದ. ಡಿಗ್ರಿ ಓದುವಾಗ ನಾವು ಆರು ಮನೆ ನೋಡಿ ಏಳನೆಯದಕ್ಕೆ ಹೋದೆವು. ಆ ಆರು ಬಾಗಿಲುಗಳ ಟೂರನ್ನು ಯಾರಾದರೂ ಚಿತ್ರೀಕರಿಸಿದ್ದರೆ ಅದೂ ನಮ್ಮ ದಿನನಿತ್ಯದ ಸಂಸಾರದ ಕಥೆಯೇ ಆಗುತ್ತಿತ್ತು.

ನಮ್ಮ ಜನರ ಚಿತ್ರವನ್ನು ಯಾರೂ ತೆಗೆದಿಲ್ಲ ಎಂದಲ್ಲ. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂದು ಎಂಟು ಸಂಪುಟಗಳಲ್ಲಿ ಈ ದೇಶದ ಜಾತಿ ಬುಡಕಟ್ಟುಗಳ ಫೋಟೋ ಅಚ್ಚು ಹಾಕಿಸಿತು. ಮದರಾಸಿನ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ತಲೆ ಮೂಗುಗಳನ್ನು ಅಳೆದು, 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಮೇಲೆ ಏಳು ಸಂಪುಟ ತಂದ. ನಮ್ಮ ಮೈಸೂರು ಸಂಸ್ಥಾನದಲ್ಲಿ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳು 1928ರಿಂದ ಹೊರಬಂದವು. ಅವುಗಳಲ್ಲಿ ನಮ್ಮ ಅಜ್ಜ ಮುತ್ತಜ್ಜರು ನಿಂತಿದ್ದಾರೆ. ಜಾತಿಗೆ ಹೆಸರಿದೆ, ಕಸುಬಿಗೆ ಹೆಸರಿದೆ. ನಿಂತ ಮನುಷ್ಯನಿಗೆ ಬಹುಪಾಲು ಹೆಸರಿಲ್ಲ.

ಆಮೇಲೆ ಪತ್ರಿಕೆಯ ಫೋಟೋಗಳು ಬಂದವು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಮನೆಗಳಿಗೆ ಬೆಂಕಿ ಹಚ್ಚಿ ಏಳು ಜನ ದಲಿತರನ್ನು ಸುಟ್ಟು ಕೊಂದಾಗ ಕೇರಿಯ ಮನೆ ರಾಜ್ಯಕ್ಕೆಲ್ಲ ಕಂಡಿತು. ಹಿಂದಿನ ದಿನ ಆ ಮನೆಯಲ್ಲಿ ಏನು ಸಾರು ಮಾಡಿದ್ದರು, ಮಕ್ಕಳು ಯಾವುದಕ್ಕೆ ಹಟ ಮಾಡಿದ್ದವು, ಮುದುಕಿ ಯಾರಿಗೆ ಬಯ್ದಿದ್ದಳು ಎಂಬುದು ಯಾರಿಗೂ ಬೇಕಾಗಿರಲಿಲ್ಲ. ನಮ್ಮ ಮನೆ ಕಾಣುವುದಕ್ಕೆ ಅದು ಸುಡಬೇಕು. ಉರಿಯದ ಮನೆ ಸುದ್ದಿಯಲ್ಲ. ಅದಕ್ಕೇ ದಿನನಿತ್ಯದ ಸಂಸಾರವನ್ನು ತೋರಿಸುವುದು ನಮ್ಮ ಪಾಲಿಗೆ ಹೊತ್ತು ಕಳೆಯುವ ಆಟವಾಗಲಾರದು. ನಾವು ಸಾಯದೆ ಇರುವಾಗಲೂ ಇದ್ದೇವೆ ಎಂದು ಹೇಳುವ ಕೆಲಸ ಅದು.

ಬಾಬಾಸಾಹೇಬರ ಒಂದು ಫೋಟೋ ಇದೆ. ನಮ್ಮ ಮನೆಗಳ ಗೋಡೆಯ ಮೇಲೆ ಇರುವ, ಕೋಟು ತೊಟ್ಟು ಸಂವಿಧಾನ ಹಿಡಿದ ಫೋಟೋ ಅಲ್ಲ. 1934ರ ಫೆಬ್ರವರಿಯಲ್ಲಿ ಮುಂಬಯಿ ದಾದರಿನ ರಾಜಗೃಹದಲ್ಲಿ ತೆಗೆದದ್ದು. ಮಗ ಯಶವಂತ, ಹೆಂಡತಿ ರಮಾಬಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ, ಜೊತೆಗೆ ಪ್ರೀತಿಯ ನಾಯಿ ಟಾಬಿ. 1935ರ ಮೇ 27ಕ್ಕೆ ರಮಾಬಾಯಿ ತೀರಿಕೊಂಡರು. ಈ ಫೋಟೋವನ್ನು ನಾವು ಮೊದಲು ನೋಡಿದ್ದು ಹಾಸ್ಟೆಲ್ಲಿನಲ್ಲಿ, ಸೀನಿಯರ್ ಒಬ್ಬರ ಮೊಬೈಲಿನಲ್ಲಿ. ‘ಅಯ್ಯೋ, ಇವರ ಮನೇಲೂ ನಾಯಿ ಇತ್ತಾ!’ ಎಂದು ಒಬ್ಬ ಕೂಗಿದ. ಅವನು ಕೂಗಿದ್ದರಲ್ಲಿ ದೊಡ್ಡ ಅರ್ಥವಿದೆ. ಚಳವಳಿ ನಮಗೆ ನಾಯಕರನ್ನು ಕೊಟ್ಟಿತು, ಹುತಾತ್ಮರನ್ನು ಕೊಟ್ಟಿತು. ಅವರಿಗೂ ಮನೆ ಇತ್ತು, ಅತ್ತಿಗೆ ಇದ್ದರು, ನಾಯಿ ಇತ್ತು ಎಂಬುದನ್ನು ಹೇಳುವುದು ಮಾತ್ರ ಮರೆತೇ ಹೋಗಿತ್ತು.

ಈಗ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಮಾತಿಗೆ ಬರುತ್ತೇವೆ. ಮೇಲ್ಜಾತಿಯವರ ವಿಡಿಯೋಗಳನ್ನು ಬಯ್ದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಕೇರಿಯ ಹುಡುಗರು ಮಾಡುತ್ತಿರುವುದೇನು? ನಾವು ಕುಳಿತು ಮೂವತ್ತು ನಲವತ್ತು ವಿಡಿಯೋ ನೋಡಿದೆವು. ಎರಡು ಬಗೆ ಕಂಡವು. ಒಂದು ಬಗೆಯಲ್ಲಿ ನಮ್ಮವರು ಆ ಐದು ಮನೆಗಳಂತೆಯೇ ಆಗಲು ಹೆಣಗುತ್ತಾರೆ. ಬೋಟಿ ಮರೆಯಾಗುತ್ತದೆ, ಅವ್ವನ ಮಾತು ತಿದ್ದುಪಡಿಯಾಗುತ್ತದೆ, ‘ಏನ್ಲಾ’ ಹೋಗಿ ‘ಏನು ಪುಟ್ಟಾ’ ಬರುತ್ತದೆ. ಇನ್ನೊಂದು ಬಗೆಯಲ್ಲಿ ಬಡತನವನ್ನೇ ಮಾರಾಟಕ್ಕಿಡುತ್ತಾರೆ. ಸೋರುವ ಸೂರು, ಅಳುವ ಅಜ್ಜಿ, ಹಿಂದೆ ದುಃಖದ ವಾದ್ಯ. ಮೊದಲನೆಯದು ನಾಚಿಕೆಯಿಂದ ಹುಟ್ಟಿದ್ದು, ಎರಡನೆಯದು ಮಾರುಕಟ್ಟೆಯ ಲೆಕ್ಕದಿಂದ. ಎರಡರಲ್ಲೂ ನೋಡುವ ಕಣ್ಣು ಹೊರಗಿನವನದೇ.

ಹೀಗೆನ್ನುವ ನಾವಾದರೂ ಎಷ್ಟು ಶುದ್ಧ? ಕವಿಗಳೆನಿಸಿಕೊಂಡ ನಾವು ಎಷ್ಟು ವೇದಿಕೆಗಳಲ್ಲಿ ಅವ್ವನ ಹರಿದ ಸೀರೆ ತೋರಿಸಿ ಚಪ್ಪಾಳೆ ಗಿಟ್ಟಿಸಿಲ್ಲ? ಪದ್ಯದಲ್ಲಿ ಅವಳು ಯಾವಾಗಲೂ ಸೊರಗಿದ್ದಾಳೆ, ಯಾವಾಗಲೂ ಸಹಿಸುತ್ತಾಳೆ. ಅವಳು ಬೀದಿ ನಲ್ಲಿಯ ಮುಂದೆ ಜಗಳವಾಡಿ ಗೆದ್ದು ಬಂದದ್ದು, ಸಂಘದ ಸಾಲದಲ್ಲಿ ಮೂಗುಬೊಟ್ಟು ಮಾಡಿಸಿಕೊಂಡು ಅಪ್ಪನಿಗೆ ಹೇಳದೆ ಇದ್ದದ್ದು, ಟಿ.ವಿ. ಧಾರಾವಾಹಿಯ ಸೊಸೆಗೆ ಬುದ್ಧಿ ಹೇಳಿದ್ದು ನಮ್ಮ ಯಾವ ಪದ್ಯದಲ್ಲೂ ಇಲ್ಲ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನನ್ನು ನೆನಪು ಮಾಡಿಕೊಳ್ಳಿ. ಕಳೆದುಹೋದ ಕೋಳಿಗಾಗಿ ಅವಳು ಊರೆಲ್ಲ ಹುಡುಕುತ್ತಾಳೆ. ಆ ಮನೆಯವರು ರಾತ್ರಿ ಕೂತು ಕದ್ದ ಕಡಲೆಕಾಯಿ ತಿನ್ನುವುದನ್ನು ಓದಿದವರು ಮರೆಯಲಾರರು. ಅಲ್ಲಿ ಹಸಿವು ಇದೆ, ಆದರೆ ಹಸಿವಿನ ಪ್ರದರ್ಶನವಿಲ್ಲ. ಆ ಜನ ನಮ್ಮ ಕರುಣೆಗೆ ಕಾದು ಕೂತಿಲ್ಲ, ತಮ್ಮ ಪಾಡಿಗೆ ತಾವು ಬದುಕುತ್ತಿದ್ದಾರೆ. ಮೊಬೈಲು ಹಿಡಿಯುವ ಹುಡುಗರಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ತರಬೇತಿಯಲ್ಲಿ ಸಿಕ್ಕೀತು?

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಾವು ನೋಡಿದ ಮನೆಯ ವಿಡಿಯೋಗಳಲ್ಲಿ ಹೆಚ್ಚಿನವುಗಳಲ್ಲಿ ಮೊಬೈಲು ಹಿಡಿದವನು ಗಂಡಸು, ಕೆಲಸ ಮಾಡುತ್ತಿರುವವಳು ಹೆಂಗಸು. ಅವಳು ಮುದ್ದೆ ತೊಳಸುತ್ತಾಳೆ, ಇವನು ‘ಇತ್ತಾಗ್ ತಿರುಗು’ ಅನ್ನುತ್ತಾನೆ. ಕ್ಯಾಮೆರಾದ ಹಿಂದೆ ನಿಂತವನು ಒಂದು ಲೋಟವನ್ನೂ ತೊಳೆಯುವುದಿಲ್ಲ. ಮೇಲ್ಜಾತಿಯ ಮನೆಯ ವಿಡಿಯೋದಲ್ಲಿ ಕೆಲಸದವಳು ಕಾಣುವುದಿಲ್ಲ ಎಂದು ಕೂಗುವ ನಾವು, ನಮ್ಮ ಮನೆಯ ಕೆಲಸದವಳು ಯಾರೆಂದು ಕೇಳಿಕೊಳ್ಳಬೇಡವೆ?

ದುಡ್ಡಿನ ಮಾತಿಗೆ ಬರೋಣ. ಸಮಾವೇಶದಲ್ಲಿ ಎಲ್ಲರೂ ಕಿವಿ ನಿಮಿರಿಸಿದ್ದು ಇದಕ್ಕೇ. ಯೂಟ್ಯೂಬಿನ ನಿಯಮದಂತೆ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಚಂದಾದಾರರು ಇರಬೇಕು. ಅದರ ಜೊತೆ ಹನ್ನೆರಡು ತಿಂಗಳಲ್ಲಿ ಜನ 4000 ಗಂಟೆ ನೋಡಿರಬೇಕು, ಇಲ್ಲವೇ ಶಾರ್ಟ್ಸ್ ಎಂಬ ಚಿಕ್ಕ ವಿಡಿಯೋಗಳನ್ನು 90 ದಿನಗಳಲ್ಲಿ ಒಂದು ಕೋಟಿ ಸಲ ನೋಡಿರಬೇಕು. ಸಿಕ್ಕ ಮೇಲೂ ದೊಡ್ಡ ವಿಡಿಯೋದ ಜಾಹೀರಾತು ಹಣದಲ್ಲಿ ಮಾಡಿದವನಿಗೆ ನೂರಕ್ಕೆ 55, ಶಾರ್ಟ್ಸ್‌ಗೆ ಅವನ ಪಾಲೆಂದು ಲೆಕ್ಕ ಹಾಕಿದ್ದರಲ್ಲಿ ನೂರಕ್ಕೆ 45. ಉಳಿದದ್ದು ಕಂಪನಿಗೆ. ವಾರಕ್ಕೆ (ಪಾಲಿಗೆ) ಹೊಲ ಮಾಡಿದ ನಮ್ಮ ತಾತಂದಿರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತಿತ್ತು. ಹೊಲ ಗೌಡರದು, ಬೆವರು ನಮ್ಮದು, ಕಣದಲ್ಲಿ ರಾಶಿ ಅಳೆಯುವವನು ಅವರ ಕಡೆಯವನು. ಹೊಲವನ್ನು ಯಾವತ್ತು ಬೇಕಾದರೂ ಬಿಡಿಸಬಹುದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡಾಟಾ ಅಗ್ಗವಾದ ಮೇಲೆ ಟಿಕ್‌ಟಾಕ್‌ನಲ್ಲಿ ನಮ್ಮ ಎಷ್ಟೋ ಹುಡುಗ ಹುಡುಗಿಯರು ಕುಣಿದರು, ಹಾಡಿದರು. 2020ರ ಜೂನ್ 29ರಂದು ಸರ್ಕಾರ ಅದನ್ನು ನಿಷೇಧಿಸಿತು. ಒಂದೇ ರಾತ್ರಿಯಲ್ಲಿ ಅವರ ಬೆಳೆ ಹೋಯಿತು. ಕಾರಣ ಏನೇ ಇರಲಿ, ಹೊಲ ನಮ್ಮದಲ್ಲ ಎಂಬುದು ಆ ದಿನ ಗೊತ್ತಾಯಿತು.

ಈ ಪಾಲಿನಲ್ಲಿ ಮುದ್ದೆ ತೊಳಸಿದ ಅವ್ವನಿಗೆಷ್ಟು? ಚಡ್ಡಿ ಜಾರಿಸಿಕೊಂಡು ಅತ್ತು ಎಲ್ಲರನ್ನೂ ನಗಿಸಿದ ಮಗುವಿಗೆಷ್ಟು? ಫ್ರಾನ್ಸಿನಲ್ಲಿ 2020ರಲ್ಲಿ ಕಾನೂನು ಮಾಡಿ, ಹದಿನಾರು ತುಂಬದ ಮಕ್ಕಳು ಇಂಥ ವಿಡಿಯೋಗಳಿಂದ ಗಳಿಸಿದ ಹಣವನ್ನು ಅವರ ಹೆಸರಿನಲ್ಲಿ ಕೂಡಿಡಬೇಕೆಂದರು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇಂಥದೇ ಕಾನೂನು 2024ರ ಜುಲೈ 1ರಿಂದ ಜಾರಿಗೆ ಬಂತು. ಕಾನೂನಿಗೆ ಕಾಯಬೇಕಾಗಿಲ್ಲ, ಮನೆಯೊಳಗೆ ನ್ಯಾಯ ಮಾಡಬಹುದು. ಹಳ್ಳಿ ಶಾಲೆಯ ಮೇಷ್ಟ್ರು ಮೇಡಮ್ಮುಗಳಿಗೂ ಈ ಮಾತು ಸೇರುತ್ತದೆ. ಬಿಸಿಯೂಟಕ್ಕೆ ಸಾಲಾಗಿ ಕೂತ ಮಕ್ಕಳ ಮುಖ, ಹರಿದ ಅಂಗಿ, ಬರಿಗಾಲು ತೋರಿಸಿ ತಮ್ಮ ಸೇವೆಯನ್ನು ಮೆರೆಸುವವರಿದ್ದಾರೆ. ತಮ್ಮ ಮಗುವನ್ನು ಹಾಗೆ ತೋರಿಸಲು ಒಪ್ಪುತ್ತಾರೆಯೆ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಲಿ.

ಹಾಗಾದರೆ ದಾರಿ ಇಲ್ಲವೆ? ಇದೆ, ನಡೆದವರೂ ಇದ್ದಾರೆ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಶುರುವಾದ ‘ಖಬರ್ ಲಹರಿಯಾ’ದಲ್ಲಿ ದಲಿತ ಹೆಂಗಸರೇ ವರದಿಗಾರರಾದರು. ಅಚ್ಚಿನ ಪತ್ರಿಕೆ ಬಿಟ್ಟು ಮೊಬೈಲು ಹಿಡಿದರು. ಅವರ ಮೇಲೆ ತೆಗೆದ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ತಮಿಳುನಾಡಿನ ರವಿಚಂದ್ರನ್ ‘ದಲಿತ್ ಕ್ಯಾಮೆರಾ’ ಕಟ್ಟಿ, ನಮ್ಮ ಜನರ ಮಾತನ್ನು ಕತ್ತರಿಸದೆ ಕೇಳಿಸಿದರು. ಮಧುರೈ ಹತ್ತಿರದ ವಾಡಿಪಟ್ಟಿಯ ಜೈಸಿಂಗ್ ನಾಗೇಶ್ವರನ್ ಅವರದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಊರೂರು ಸುತ್ತಿ ಬೇರೆಯವರ ಫೋಟೋ ತೆಗೆಯುತ್ತಿದ್ದ ಅವರು 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ತಮ್ಮ ಮನೆಯವರ ಕಡೆಗೇ ಕ್ಯಾಮೆರಾ ತಿರುಗಿಸಿದರು. ಅವರ ಅಜ್ಜಿ ಪೊನ್ನುತಾಯಿ ದಲಿತ ಮಕ್ಕಳಿಗಾಗಿ ಶಾಲೆ ಕಟ್ಟಿದವರು. ಆ ಮನೆಯ ಮಕ್ಕಳು, ಹಿರಿಯರು, ಸುತ್ತಲಿನ ಬಯಲು ಆ ಫೋಟೋಗಳಲ್ಲಿವೆ. ಜಾತಿಯ ಗಾಯ ಅಲ್ಲಿಲ್ಲ ಎಂದಲ್ಲ, ಗಾಯವೊಂದೇ ಅಲ್ಲ. ಅವರು ತೆಗೆದದ್ದು ತಮ್ಮವರನ್ನು, ಅವರ ಜೊತೆ ಬದುಕಿಕೊಂಡು. ‘ನೋಡುವವರಿಗೆ ಮುಜುಗರ ಆದೀತೆ?’ ಎಂಬ ಪ್ರಶ್ನೆಯಿಂದ ಅವರು ಹೊರಟಿಲ್ಲ.

ನಾವೂ ಒಂದು ದಿನ ಹೊರಟೆವು. ಸಮಾವೇಶದಿಂದ ಬಂದ ಮರುವಾರ ಅವ್ವ ಒಲೆ ಊದುತ್ತಿರುವಾಗ ಮೊಬೈಲು ಹಿಡಿದೆವು. ಹೊಗೆ, ಬೆಂಕಿಯ ಬೆಳಕು, ಸುಕ್ಕುಗಟ್ಟಿದ ಕೆನ್ನೆ, ಪದ್ಯಕ್ಕೆ ಹೇಳಿ ಮಾಡಿಸಿದ ಚಿತ್ರ. ಅವ್ವ ಊದುಗೊಳವೆ ಕೆಳಗಿಟ್ಟು, ‘ಮಡಗು ಅದ’ ಅಂದಳು. ಎದ್ದು ಹೋಗಿ ಮುಖ ತೊಳೆದು, ತಮ್ಮನ ಮದುವೆಗೆ ತಂದ ಸೀರೆ ಉಟ್ಟು, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ, ಬಾಗಿಲ ಮುಂದೆ ಹಾಕಿಸಿ ಕೂತಳು. ‘ಈಗ ತಗಿ’ ಅಂದಳು. ಇದರಲ್ಲಿ ಸಹಜತೆ ಎಲ್ಲಿದೆ ಎಂದು ನಮಗೆ ಬೇಜಾರಾಯಿತು. ಬಾಯಿಬಿಟ್ಟು ಹೇಳಿಯೂಬಿಟ್ಟೆವು. ಅವ್ವ ಅಂದಳು, ‘ನಾ ಒಲೆ ಮುಂದ ಕುಂತಿರದ್ನ ಎಲ್ಲಾರೂ ನೋಡವ್ರೆ ಕಣ ಮಗ. ಕುರ್ಚಿ ಮ್ಯಾಲ ಕುಂತಿರದ್ನ ಯಾರ್ ನೋಡವ್ರೆ?’

ಮೂವತ್ತು ವರ್ಷ ದೊಡ್ಡವರ ಮನೆಯ ಹಿತ್ತಲಲ್ಲಿ ನಿಂತುಕೊಂಡೇ ಕಾಫಿ ಕುಡಿದವಳು ಅವಳು. ಅವಳಿಗೆ ಸಹಜ ಯಾವುದು ಎಂದು ತೀರ್ಮಾನ ಮಾಡಲು ನಾವು ಯಾರು? ಬೆಂಗಳೂರಿನ ತರಬೇತುದಾರರಿಗೂ ನಮಗೂ ಆ ಗಳಿಗೆಯಲ್ಲಿ ಏನು ವ್ಯತ್ಯಾಸವಿತ್ತು? ಅವರು ಅವಳ ಬೋಟಿ ಬೇಡವೆಂದರು, ನಾವು ಅವಳ ಕುರ್ಚಿ ಬೇಡವೆಂದೆವು. ಬಿ.ಎ. ಓದಿದ ಮಗನಿಗಿಂತ ಅವ್ವ ಚೆನ್ನಾದ ವಿಮರ್ಶಕಿ ಎಂದು ನಾವು ಅವತ್ತು ಒಪ್ಪಿಕೊಂಡೆವು.

ಆದ್ದರಿಂದ ಗೆಳೆಯರೆ, ಮೊಬೈಲು ಕೈಗೆ ಬಂದರೆ ಸಾಲದು. ಮನೆಯವರನ್ನು ಚಿತ್ರೀಕರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಚಿತ್ರದಲ್ಲಿರುವವರಿಗೆ ಹೀಗೆ ಕಾಣಬೇಕೆಂಬ ಇಷ್ಟ ಇದೆಯೆ? ಚಿತ್ರ ತೆಗೆಯುತ್ತಿರುವಾಗ ಕೆಲಸ ಮಾಡುತ್ತಿರುವವರು ಯಾರು? ದುಡ್ಡೋ ಹೆಸರೋ ಬಂದರೆ ಅದರಲ್ಲಿ ಅವರ ಪಾಲೆಷ್ಟು? ಪದ್ಯ ಬರೆಯುವವರಿಗೂ ಇವೇ ಮೂರು ಪ್ರಶ್ನೆ. ಬೋಟಿ ತೊಳೆಯುವುದನ್ನು ತೋರಿಸುವ ಹಕ್ಕು ನಮಗಿರಬೇಕು. ತೋರಿಸಬೇಡ ಎನ್ನುವ ಹಕ್ಕು ಅವ್ವನಿಗಿರಬೇಕು. ಈ ಎರಡರಲ್ಲಿ ಒಂದನ್ನು ಬಿಟ್ಟುಕೊಟ್ಟರೂ ಇನ್ನೊಂದು ಉಳಿಯುವುದಿಲ್ಲ.

ಮುಂದಿನ ಸಮಾವೇಶ ಯಾವಾಗ ನಡೆದರೂ ನಾವು ಮತ್ತೆ ಹೋಗುತ್ತೇವೆ. ಆ ಹುಡುಗ ಮತ್ತೆ ಎದ್ದು ನಿಂತು ಅದೇ ಪ್ರಶ್ನೆ ಕೇಳುತ್ತಾನೆ. ಈ ಸಲ ಅವ್ವಂದಿರನ್ನೂ ಕರೆದುಕೊಂಡು ಹೋಗುತ್ತೇವೆ. ನೀವೂ ನಿಮ್ಮ ನಿಮ್ಮ ಊರಿನಿಂದ ಕರೆತನ್ನಿ. ಮುಂದಿನ ಸಾಲಿನ ಕುರ್ಚಿಯಲ್ಲಿ ಅವರು ಕೂರಲಿ. ‘ಸಹಜ ಜೀವನ’ ಎಂದು ಯಾರಾದರೂ ಬಾಯಿ ತೆರೆದರೆ, ಮೈಕು ಅವರ ಕೈಗೆ ಕೊಡಿ ಎಂದು ಹಿಂದಿನ ಸಾಲಿನಿಂದ ನಾವು ಕೂಗೋಣ.